ಆರೋಗ್ಯವಂತರ ಗುಂಪು

ಉಡಿದಾರ ಬಿಚ್ಚಿದೆ, ಐಸ್ ಫ್ಯಾಕ್ಟರಿಯ ಬೀಗದಕೈ ಇಟ್ಟೆ,
ಎರಡು ರೂಪಾಯಿ ನಾಣ್ಯ, ಬೆಲ್ಟು.
ಅಕ್ಕನ ಮೂಗುಬೊಟ್ಟು ಮಾತ್ರ ಹಟ ಹಿಡಿಯಿತು.
ಹದಿನೇಳರಲ್ಲಿ ತಿರುಪಿದ್ದು, ಮತ್ತೆ ಬಿಚ್ಚಿದ್ದಿಲ್ಲ.
ನರ್ಸಮ್ಮ ಸೋಪು ಹಚ್ಚಿ ಹತ್ತು ನಿಮಿಷ ತಿರುವಿದಳು.
ಒಳಗೆ ದೊಡ್ಡ ಅಯಸ್ಕಾಂತ ಇದೆಯಂತೆ,
ಲೋಹ ಒಳಗೆ ಬರುವಂತಿಲ್ಲವಂತೆ.
ಅಕ್ಕ ಏನೂ ಹೇಳಲಿಲ್ಲ. ದೀಪಾವಳಿಯಿಂದ ಅವಳು
ಏನೂ ಹೇಳುತ್ತಿರಲಿಲ್ಲ.

ಕಾರವಾರದ ಮೀನುಪೇಟೆಯಲ್ಲಿ ಅವಳ ಬಾಯಿಗೆ ಹೆದರಿ
ಗೋವೆಯ ಗಿರಾಕಿಗಳೂ ಚೌಕಾಸಿ ಬಿಡುತ್ತಿದ್ದರು.
ಅಂಥ ಶೆವಂತಿ ಒಂದು ಬೆಳಿಗ್ಗೆ ಬಾಂಗಡೆ ಬುಟ್ಟಿಯ ಮುಂದೆ ಕೂತು
ದರ ಹೇಳಲಿಲ್ಲ.
ಎಷ್ಟು ಎಂದವರ ಮುಖ ನೋಡಿದಳು, ಅಷ್ಟೆ.
ಮಧ್ಯಾಹ್ನಕ್ಕೆ ಐಸು ಕರಗಿ, ಕೆಂಪು ನೀರು
ಪಕ್ಕದವಳ ಸೀರೆಯಂಚಿಗೆ ಹರಿದು ಕೂಗಾಟ ಎದ್ದಾಗಲೂ
ಅವಳು ಜಗಳಕ್ಕೆ ಬರಲಿಲ್ಲ.
ಆಗ ಗೊತ್ತಾಯಿತು ನಮಗೆ.

ದೃಷ್ಟಿ ಎಂದರು, ಉಷ್ಣ ಎಂದರು.
ಶಾನಭಾಗ ಡಾಕ್ಟರು ಖಿನ್ನತೆ ಎಂದರು.
ನಮ್ಮ ಮನೆಯ ಕೊಂಕಣಿಯಲ್ಲಿ ಆ ಶಬ್ದ ಇರಲಿಲ್ಲ.
ಮಾತ್ರೆ ಬರೆದು, ಪೆನ್ನು ಮುಚ್ಚಿ, ನನ್ನ ಕಡೆ ತಿರುಗಿದರು:
ಒಂದು ಸಂಶೋಧನೆ ನಡೆದಿದೆ. ಮಿದುಳಿನ ಚಿತ್ರ ತೆಗೆಯುತ್ತೇವೆ.
ಖಿನ್ನತೆಯವರು ನಲವತ್ತು, ಆರೋಗ್ಯವಂತರು ನಲವತ್ತು,
ಹೋಲಿಸಲಿಕ್ಕೆ ಬೇಕು. ನೀವು ಆಗಬಹುದು, ವಯಸ್ಸು ಹೊಂದುತ್ತದೆ.
ಆರೋಗ್ಯವಂತ!
ಕಾಗದದ ಮೇಲೆ ಯಾರೂ ನನ್ನನ್ನು ಹೀಗೆ ಕರೆದಿರಲಿಲ್ಲ.

ಪ್ರಶ್ನೆಗಳ ಹಾಳೆ. ಕಳೆದ ಎರಡು ವಾರದಲ್ಲಿ
ನಿದ್ದೆ? ಸರಿ. ಹಸಿವು? ಸರಿ.
ಮೊದಲು ಖುಷಿ ಕೊಡುತ್ತಿದ್ದುದರಲ್ಲಿ ಈಗ ಆಸಕ್ತಿ ಕುಗ್ಗಿದೆಯೇ?
ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.
ಮನೆಯಲ್ಲಿ ಒಬ್ಬರಾದರೂ ಸರಿ ಇರಬೇಕಲ್ಲ.
ಇಲ್ಲ, ಎಂದು ಗುರುತು ಹಾಕಿದೆ.

ಕೊಳವೆಯೊಳಗೆ ಮಲಗಿಸಿದರು. ಅಲುಗಬೇಡಿ.
ಕಿವಿ ಮುಚ್ಚಿದರೂ ಕೇಳಿತು,
ಬೈತಖೋಲದ ನನ್ನ ಕ್ರಶರ್ರೇ ಇಲ್ಲಿಗೂ ಬಂದಂತೆ
ಹಲಗೆ ಹಲಗೆ ಮಂಜುಗಡ್ಡೆ ನುಂಗಿ ನುರಿಸುವ ಸದ್ದು.
ಕಣ್ಣೆದುರಿನ ಪುಟ್ಟ ಕನ್ನಡಿಯಲ್ಲಿ ಮುಖಗಳು ಬಂದವು:
ಸಿಟ್ಟಿನದು, ಹೆದರಿದ್ದು, ನಗುವುದು,
ಏನೂ ಇಲ್ಲದ್ದು.
ಗಂಡಾದರೆ ಎಡ ಗುಂಡಿ, ಹೆಣ್ಣಾದರೆ ಬಲ ಗುಂಡಿ,
ಒತ್ತುವುದಷ್ಟೇ ಕೆಲಸ.
ಏನೂ ಇಲ್ಲದ ಮುಖ ಬಂದಾಗಲೆಲ್ಲ
ಎಲ್ಲೋ ನೋಡಿದ್ದೇನೆ ಅನಿಸಿತು.
ಅಕ್ಕನದಲ್ಲ.
ಬೆಳಗಿನ ನಾಲ್ಕಕ್ಕೆ ಐಸ್ ಫ್ಯಾಕ್ಟರಿಯ
ಸ್ಟೀಲ್ ಬಾಗಿಲ ಮೇಲೆ ಕಾಣುವುದು.

ಇಬ್ಬರದೂ ಮುಗಿದ ಮೇಲೆ ಅಕ್ಕ
ಮೂರು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು:
ನನ್ನ ದುಃಖ ಎಲ್ಲಿದೆ, ತೋರಿಸಿ.
ಡಾಕ್ಟರು ಪರದೆ ತಿರುಗಿಸಿದರು. ಬೂದು ಮಡಿಕೆ ಮೇಲೆ ಮಡಿಕೆ,
ಮಳೆಗಾಲಕ್ಕೆ ಮಡಿಸಿಟ್ಟ ಬಲೆಯ ಹಾಗೆ.
ಒಬ್ಬರ ಚಿತ್ರ ನೋಡಿ ಇಂಥಲ್ಲೇ ಎನ್ನಲಾಗದಮ್ಮ.
ನಲವತ್ತು ಜನರದ್ದು ಕೂಡಿಸಿ, ಸರಾಸರಿ ತೆಗೆದು,
ಇನ್ನೊಂದು ನಲವತ್ತರಿಂದ ಕಳೆದರೆ
ಎಲ್ಲೋ ಸಾಸಿವೆಯಷ್ಟು ಜಾಗದಲ್ಲಿ ಬಣ್ಣ ಏಳಬಹುದು.
ಏಳದೆಯೂ ಇರಬಹುದು.
ಅಕ್ಕ ತಲೆಯಾಡಿಸಿದಳು. ತೂಕ ಅವಳಿಗೆ ಗೊತ್ತು,
ಒಂದು ತಾರ್ಲೆಗೆ ತಕ್ಕಡಿ ಬಗ್ಗುವುದಿಲ್ಲ.

ನನಗೆ ಆ ಕಳೆಯುವ ಲೆಕ್ಕ ಹಿಡಿದುಕೊಂಡಿತು.
ನನ್ನನ್ನಿಟ್ಟುಕೊಂಡು ಅವಳನ್ನು ಅಳೆಯುತ್ತಾರೆ.

ಟೆಂಪೋದಲ್ಲಿ ಹೇಳಿದೆ: ಅಕ್ಕಾ, ಹಾಳೆಯಲ್ಲಿ ಒಂದು ಸುಳ್ಳು ಬರೆದೆ.
ಗೊತ್ತು, ಎಂದಳು, ನನ್ನ ಕಡೆ ನೋಡದೆ.
ನವರಾತ್ರಿಯಿಂದ ನೊಗಲಿಯ ಮುಳ್ಳು ಬಿಡಿಸೋದಿಲ್ಲ ನೀನು,
ತಟ್ಟೆಯಂಚಿಗೆ ಸರಿಸ್ತೀ.
ಬೆಕ್ಕು ದಪ್ಪ ಆಗಿದೆ.

ಗುರುವಾರ ಹೋಗಿ ಒಪ್ಪಿಕೊಂಡೆ. ಡಾಕ್ಟರು ಬೈಯಲಿಲ್ಲ.
ಮೂವತ್ತೊಂದನೆಯ ಸಂಖ್ಯೆಯ ಮೇಲೆ ಗೆರೆ ಎಳೆದರು.
ಹಾಗಾದರೆ ಆಚೆ ಗುಂಪಿಗೋ?
ಅದಕ್ಕೂ ಅಲ್ಲ ಈಗಲೇ. ಕೂತುಕೊಳ್ಳಿ, ಮಾತಾಡೋಣ.
ಉಡಿದಾರ ಬಿಚ್ಚದೆಯೇ ಕೂತೆ.

ರಾತ್ರಿ ಅಕ್ಕ ಎರಡು ನೊಗಲಿ ಹುರಿದು ಬಡಿಸಿದಳು.
ಉಪ್ಪು ಮರೆತಿದ್ದಳು.
ಬೆಕ್ಕನ್ನು ಹೊರಗೆ ಹಾಕಿ, ಚಿಲಕ ಇಟ್ಟು,
ನನ್ನ ತಟ್ಟೆಯ ಎದುರು ಬಂದು ಕೂತಳು.